ಮನೆಯ ಟಿವಿ ಇನ್ನೆಷ್ಟು ಇಂಚು ಬೆಳೆದೀತು?

ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಗಳಲ್ಲಿ 21 ಇಂಚಿನ ಟಿವಿ ಸಾಮಾನ್ಯವಾಗಿತ್ತು, 29 ಇಂಚಿನದು ಸ್ಥಿತಿವಂತರದ್ದು. ಈಗ 43 ಇಂಚು ಸಾಮಾನ್ಯ, 55 ಇಂಚು ಕಂಡರೆ ಯಾರೂ ಬೆರಗಾಗುವುದಿಲ್ಲ, ಅಂಗಡಿಗಳಲ್ಲಿ 98 ಮತ್ತು 100 ಇಂಚಿನವೂ ಮಾರಾಟಕ್ಕಿವೆ. 2024ರಲ್ಲಿ ಟಿಸಿಎಲ್ 115 ಇಂಚಿನದನ್ನು, 2025ರಲ್ಲಿ ಹೈಸೆನ್ಸ್ 116 ಇಂಚಿನದನ್ನು ಮಾರುಕಟ್ಟೆಗೆ ತಂದವು. ಇದೇ ಓಟವನ್ನು ಮುಂದಕ್ಕೆ ಎಳೆದು, ಇನ್ನು ಹತ್ತು ವರ್ಷಕ್ಕೆ ಮನೆಮನೆಯಲ್ಲೂ 150 ಇಂಚು ಎಂದುಬಿಡುವುದು ಸುಲಭ. ಆದರೆ ಟಿವಿಯ ಗಾತ್ರ ಹಾಗೆ ಲಂಗುಲಗಾಮಿಲ್ಲದೆ ಬೆಳೆಯುವ ವಸ್ತುವಲ್ಲ. ಮೂರು ಅಳತೆಗಳು ಅದನ್ನು ಹಿಡಿದಿಟ್ಟಿವೆ: ಪ್ಯಾನೆಲ್ (ಟಿವಿಯ ಪರದೆಯ ಫಲಕ) ಕತ್ತರಿಸಿ ತೆಗೆಯುವ ಗಾಜಿನ ಹಾಳೆ, ಸೋಫಾದಿಂದ ಗೋಡೆಗಿರುವ ದೂರ, ಬೀದಿಬಾಗಿಲಿನಿಂದ ಹಾಲ್‌ವರೆಗಿನ ದಾರಿ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಾಮಾನ್ಯ ಮನೆಯ ಟಿವಿ 65ರಿಂದ 75 ಇಂಚಿನ ಹತ್ತಿರ ಬಂದು ನೆಲೆ ನಿಲ್ಲುತ್ತದೆ ಎಂಬುದು ನಮ್ಮ ಲೆಕ್ಕ. ಆ ಲೆಕ್ಕ ಹೇಗೆಂಬುದನ್ನು ಬಿಡಿಸಿ ಹೇಳುತ್ತೇವೆ.

ಮೊದಲು ಇಂಚಿನ ಲೆಕ್ಕ

ಟಿವಿಯ ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಓರೆ ಅಳತೆ. ಈಗಿನ ಪರದೆಗಳೆಲ್ಲ 16ಕ್ಕೆ 9ರ ಅನುಪಾತದವಾದ್ದರಿಂದ ಇಂಚನ್ನು 2.21ರಿಂದ ಗುಣಿಸಿದರೆ ಅಗಲ, 1.245ರಿಂದ ಗುಣಿಸಿದರೆ ಎತ್ತರ ಸೆಂಟಿಮೀಟರಿನಲ್ಲಿ ಸಿಗುತ್ತದೆ. 55 ಇಂಚು ಎಂದರೆ ಸುಮಾರು 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ. 75 ಇಂಚು ಎಂದರೆ 166 ಮತ್ತು 93. 98 ಇಂಚು ಎಂದರೆ 217 ಮತ್ತು 122. ಪೆಟ್ಟಿಗೆಯ ಮೇಲಿನ ಸಂಖ್ಯೆ ದುಂಡು ಮಾಡಿದ್ದೂ ಇರುತ್ತದೆ. 65 ಎಂದು ಮಾರುವ ಅನೇಕ ಪ್ಯಾನೆಲ್‌ಗಳ ನಿಜ ಅಳತೆ 64.5.

ಓರೆ ಅಳತೆ ಸ್ವಲ್ಪ ಹೆಚ್ಚಿದರೂ ವಿಸ್ತೀರ್ಣ ಬಹಳ ಹೆಚ್ಚುತ್ತದೆ. 43ರಿಂದ 55ಕ್ಕೆ ಹೋದರೆ ಹನ್ನೆರಡೇ ಇಂಚು, ಆದರೆ ಪರದೆ ಶೇ 64ರಷ್ಟು ದೊಡ್ಡದಾಗುತ್ತದೆ. 98 ಇಂಚಿನ ಪರದೆಯಲ್ಲಿ 55 ಇಂಚಿನ ಮೂರು ಪರದೆಗಳಿಗಿಂತ ಹೆಚ್ಚು ಜಾಗವಿದೆ. ಅಷ್ಟೇ ಹೊಳಪು ಬೇಕೆಂದರೆ ಬೆಳಕೂ, ಹೆಚ್ಚುಕಡಿಮೆ ವಿದ್ಯುತ್ತೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕು. 300 ವ್ಯಾಟ್ ಎಳೆಯುವ ಟಿವಿ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್. ಗೃಹಜ್ಯೋತಿಯಲ್ಲಿ ಹಳೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪವೇ ಹೆಚ್ಚುವರಿ ಅವಕಾಶ ಇರುವ ಮನೆಗೆ ಇದು ಸಣ್ಣ ಸಂಖ್ಯೆಯಲ್ಲ.

ಭಾರತದಲ್ಲಿ ತೆರಿಗೆಯೂ ಇಂಚು ನೋಡುತ್ತಿತ್ತು. 2019ರ ಜನವರಿಯಿಂದ 32 ಇಂಚಿನವರೆಗಿನ ಟಿವಿಗೆ ಶೇ 18 ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ ಶೇ 28. ಇಲ್ಲಿ 32 ಇಂಚು ಅಷ್ಟು ಕಾಲ ಗಟ್ಟಿಯಾಗಿ ಉಳಿಯಲು ಇದೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳೂ ಶೇ 18ಕ್ಕೆ ಇಳಿದವು, ಆ ಗೋಡೆ ಬಿತ್ತು.

ಗಾಜಿನ ಹಾಳೆ ಹೇಳುವುದು

ಹಳೆಯ ಪಿಕ್ಚರ್ ಟ್ಯೂಬ್ ಟಿವಿ ದೊಡ್ಡದಾಗದೆ ಉಳಿದದ್ದು ಭಾರದಿಂದ. ಒಳಗೆ ನಿರ್ವಾತ, ಹೊರಗೆ ವಾಯುಭಾರ. ಪರದೆ ಹಿಗ್ಗಿದಷ್ಟೂ ಗಾಜು ದಪ್ಪವಾಗಬೇಕು, ಕೊಳವೆ ಉದ್ದವಾಗಬೇಕು. ಸೋನಿ 1989ರಲ್ಲಿ ತಂದ 43 ಇಂಚಿನ ಟ್ಯೂಬ್ ಟಿವಿ ಸುಮಾರು 200 ಕೆಜಿ ತೂಗುತ್ತಿತ್ತು. ಚಪ್ಪಟೆ ಪರದೆ ಬಂದ ಮೇಲೆ ಆ ಕಟ್ಟು ಬಿಚ್ಚಿತು, ಬೇರೊಂದು ಕಟ್ಟು ಬಿತ್ತು.

ಎಲ್‌ಸಿಡಿ ಪ್ಯಾನೆಲ್‌ಗಳನ್ನು ಒಂದೊಂದಾಗಿ ತಯಾರಿಸುವುದಿಲ್ಲ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ದೊಡ್ಡ ಗಾಜಿನ ಹಾಳೆಯ ಮೇಲೆ ಹಲವು ಪರದೆಗಳ ಸರ್ಕ್ಯೂಟನ್ನು ಒಟ್ಟಿಗೆ ಮೂಡಿಸಿ, ಆಮೇಲೆ ಕತ್ತರಿಸುತ್ತಾರೆ. ದರ್ಜಿ ಬಟ್ಟೆಯ ಪನ್ನ ನೋಡಿಕೊಂಡು ಅಂಗಿಯ ತುಂಡುಗಳನ್ನು ಹೊಂದಿಸುವ ಹಾಗೆ, ಕಾರ್ಖಾನೆಯೂ ಹಾಳೆಯಲ್ಲಿ ಚೂರು ಉಳಿಯದಂತೆ ಹೊಂದಿಸಬೇಕು. ಉಳಿದ ಚೂರಿನ ವೆಚ್ಚವೆಲ್ಲ ಮಾರಾಟವಾಗುವ ಪರದೆಯ ಮೇಲೇ ಬೀಳುತ್ತದೆ.

ಹಾಳೆಯ ಅಳತೆಯನ್ನು ಪೀಳಿಗೆ ಎಂದು ಎಣಿಸುತ್ತಾರೆ. 8.5ನೇ ಪೀಳಿಗೆಯ ಹಾಳೆ 2200 × 2500 ಮಿ.ಮೀ. ಅದರಲ್ಲಿ 32 ಇಂಚಿನವು 18, 55 ಇಂಚಿನವು 6 ಸರಿಯಾಗಿ ಕೂರುತ್ತವೆ. 55 ಇಂಚು ಎಲ್ಲೆಡೆ ಅಗ್ಗವಾದದ್ದರ ಹಿಂದೆ ಈ ಲೆಕ್ಕ ಇದೆ. ಚೀನಾದ ಹೆಫೆಯ್ ನಗರದಲ್ಲಿ ಬಿಒಇ ಕಂಪನಿ 2017ರ ಕೊನೆಗೆ 10.5ನೇ ಪೀಳಿಗೆಯ ಕಾರ್ಖಾನೆ ಶುರುಮಾಡಿತು. ಹಾಳೆ 2940 × 3370 ಮಿ.ಮೀ., ಅಂದರೆ ಹತ್ತು ಚದರ ಮೀಟರಿಗೆ ಸ್ವಲ್ಪವೇ ಕಡಿಮೆ. ಅದರಲ್ಲಿ 65 ಇಂಚಿನವು 8, 75 ಇಂಚಿನವು 6. ಬಳಿಕ ಶೆನ್‌ಝೆನ್‌ನಲ್ಲಿ ಟಿಸಿಎಲ್‌ನ ಸಿಎಸ್‌ಒಟಿ, ವುಹಾನ್‌ನಲ್ಲಿ ಮತ್ತೆ ಬಿಒಇ ಇದೇ ಅಳತೆಯ ಕಾರ್ಖಾನೆ ಕಟ್ಟಿದವು. 65 ಮತ್ತು 75 ಇಂಚು ಕೈಗೆಟುಕತೊಡಗಿದ್ದು ಅಲ್ಲಿಂದ.

75 ದಾಟಿದರೆ ಲೆಕ್ಕ ತಪ್ಪುತ್ತದೆ. 85 ಇಂಚಿನವು ಅದೇ ದೊಡ್ಡ ಹಾಳೆಯಲ್ಲಿ ಮೂರೇ ಹಿಡಿಸುತ್ತವೆ. ಪಕ್ಕದಲ್ಲಿ ಒಂದು ಮೀಟರಿಗೂ ಮೀರಿದ ಅಗಲದ ಪಟ್ಟಿ ಉಳಿಯುತ್ತದೆ. ಅದರಲ್ಲಿ ಚಿಕ್ಕ ಪರದೆಗಳನ್ನು ಕತ್ತರಿಸಿಕೊಂಡರೆ ಮಾತ್ರ ನಷ್ಟ ತಗ್ಗುತ್ತದೆ. ಇನ್ನು 98 ಮತ್ತು 100 ಇಂಚಿನ ಪರದೆಗಳು ಇಷ್ಟು ಬೇಗ ಅಗ್ಗವಾದದ್ದು ಹೇಗೆ? ಅಲ್ಲಿ ಕೈಹಿಡಿದದ್ದು ಚಿಕ್ಕ ಹಾಳೆಯೇ. 2250 × 2600 ಮಿ.ಮೀ.ನ 8.6ನೇ ಪೀಳಿಗೆಯ ಹಾಳೆಯಲ್ಲಿ 100 ಇಂಚಿನ ಎರಡು ಪರದೆಗಳನ್ನು ಒಂದರ ಕೆಳಗೊಂದು ಇಟ್ಟರೆ 2214 × 2490 ಮಿ.ಮೀ. ಆಗುತ್ತದೆ, ಚೂರು ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. 115 ಇಂಚಾದರೆ ಆ ಹಾಳೆಗೆ ಒಂದೇ, 10.5ನೇ ಪೀಳಿಗೆಯ ಹಾಳೆಗೆ ಎರಡೇ. ಹಾಗಾಗಿ 100ರಿಂದ 115ಕ್ಕೆ ಪರದೆ ಹದಿನೈದೇ ಇಂಚು ಬೆಳೆದರೂ ಬೆಲೆ ಏಣಿಯನ್ನೇ ಬದಲಿಸುತ್ತದೆ. ಹಿಂಬೆಳಕಿಲ್ಲದೆ ಚುಕ್ಕೆಗಳೇ ಬೆಳಗುವ ಒಎಲ್‌ಇಡಿ ಟಿವಿ 97 ಇಂಚಿಗೆ ನಿಂತಿರುವುದರ ಹಿಂದೆಯೂ ಇಂಥದೇ ಲೆಕ್ಕ ಕಾಣುತ್ತದೆ: ಎಲ್‌ಜಿ ಆ ಪ್ಯಾನೆಲ್ ಮಾಡುವುದು 8.5ನೇ ಪೀಳಿಗೆಯ ಹಾಳೆಯಲ್ಲಿ, ಅದಕ್ಕಿಂತ ಹಿಗ್ಗಿಸಿದರೆ ಎರಡರ ಜಾಗದಲ್ಲಿ ಒಂದೇ ಸಿಗುತ್ತದೆ.

ಇನ್ನೂ ದೊಡ್ಡ ಹಾಳೆಯ ಕಾರ್ಖಾನೆ ಬರುವುದಿಲ್ಲವೇ ಎಂದರೆ, ಸದ್ಯಕ್ಕೆ ಲಕ್ಷಣವಿಲ್ಲ. 10.5ಕ್ಕಿಂತ ದೊಡ್ಡದನ್ನು ಯಾರೂ ಕಟ್ಟಿಲ್ಲ. ಮೂರು ಮೀಟರಿನ ತೆಳು ಗಾಜನ್ನು ರಸ್ತೆಯಲ್ಲಿ ಸಾಗಿಸಲಾಗದೆ, ಗಾಜು ತಯಾರಿಸುವ ಕಾರ್ನಿಂಗ್ ಕಂಪನಿ ಪ್ಯಾನೆಲ್ ಕಾರ್ಖಾನೆಯ ಪಕ್ಕದಲ್ಲೇ ತನ್ನ ಘಟಕ ಕಟ್ಟಬೇಕಾಯಿತು. ಜಪಾನಿನ ಸಕಾಯ್‌ನಲ್ಲಿ 2009ರಲ್ಲಿ ಆರಂಭವಾದ ಶಾರ್ಪ್‌ನ 10ನೇ ಪೀಳಿಗೆಯ ಘಟಕ, ಆ ಹೊತ್ತಿಗೆ ಜಗತ್ತಿನಲ್ಲೇ ದೊಡ್ಡದು, 2024ರಲ್ಲಿ ಟಿವಿ ಪ್ಯಾನೆಲ್ ತಯಾರಿಕೆ ನಿಲ್ಲಿಸಿತು. ಇದನ್ನು ಕಂಡವರು ಅದಕ್ಕೂ ದೊಡ್ಡದಕ್ಕೆ ಹಣ ಹಾಕಲು ಹಿಂಜರಿಯುವುದು ಸಹಜ.

ಹಾಲ್ ಹೇಳುವುದು

ಎಷ್ಟು ದೂರದಲ್ಲಿ ಕೂರುತ್ತೀರಿ ಎಂಬುದೇ ಮನೆಯೊಳಗಿನ ಮುಖ್ಯ ಅಳತೆ. ಪರದೆ ನಮ್ಮ ನೋಟದಲ್ಲಿ 30 ಡಿಗ್ರಿ ಅಗಲ ತುಂಬಿದರೆ ಆರಾಮದ ನೋಟ, 40 ಡಿಗ್ರಿ ತುಂಬಿದರೆ ಚಿತ್ರಮಂದಿರದ ನಡುಸಾಲಿನ ಅನುಭವ. ಇದನ್ನು ಹೀಗೆ ಲೆಕ್ಕ ಹಾಕಿ: ಕೂತಾಗ ಕಣ್ಣಿನಿಂದ ಪರದೆಗಿರುವ ದೂರವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ನಾಲ್ಕರಿಂದ ಭಾಗಿಸಿದರೆ ಬಂದದ್ದು ಆರಾಮದ ಇಂಚು, ಮೂರರಿಂದ ಭಾಗಿಸಿದರೆ ಮೀರಬಾರದ ಇಂಚು.

ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಟಿವಿ ಗೋಡೆಗೂ ಸೋಫಾ ಗೋಡೆಗೂ ನಡುವೆ ಹತ್ತು ಅಡಿ ಇದೆ ಎಂದುಕೊಳ್ಳೋಣ, ಅಂದರೆ 305 ಸೆಂ.ಮೀ. ಸೋಫಾದ ಬೆನ್ನು, ತಲೆ, ಟಿವಿಯ ದಪ್ಪ, ಬ್ರಾಕೆಟ್ ಎಲ್ಲ ಸೇರಿ 75 ಸೆಂ.ಮೀ. ಕಳೆಯಿರಿ. ಉಳಿದದ್ದು 230. ನಾಲ್ಕರಿಂದ ಭಾಗಿಸಿದರೆ 57, ಮೂರರಿಂದ ಭಾಗಿಸಿದರೆ 77. ಅಲ್ಲಿಗೆ 55ರಿಂದ 75 ಇಂಚಿನವರೆಗೆ ಯಾವುದಾದರೂ ಸರಿ, 85 ಹೆಚ್ಚಾಯಿತು. ಹನ್ನೆರಡು ಅಡಿಯ ಹಾಲ್ ಆದರೆ 72ರಿಂದ 97. ಹದಿನೈದು ಅಡಿ ಇದ್ದವರಿಗಷ್ಟೇ 100 ಮತ್ತು ಅದಕ್ಕೂ ಮೀರಿದ್ದು ಹೊಂದುತ್ತದೆ. ಫ್ಲಾಟಿನ ಹಾಲ್‌ಗಳು ಮುಂದಿನ ವರ್ಷಗಳಲ್ಲಿ ಹಿಗ್ಗುವುದಿಲ್ಲ. ಗಾಜಿನ ಹಾಳೆ ಒಲಿಯುವ ಗಾತ್ರವೂ ಹತ್ತು ಅಡಿಯ ಹಾಲ್ ಒಪ್ಪುವ ಗಾತ್ರವೂ 75ರಲ್ಲಿ ಬಂದು ಸೇರುವುದರಿಂದಲೇ ಅದನ್ನು ನೆಲೆ ಎಂದು ಕರೆದದ್ದು.

ಹತ್ತಿರ ಕೂತರೆ ಕಣ್ಣಿಗೆ ಚುಕ್ಕೆ ಕಾಣುವುದಿಲ್ಲವೇ ಎಂಬ ಅಂಜಿಕೆ ಹಳೆಯದು. ಆರೋಗ್ಯವಂತ ಕಣ್ಣು ಬಿಡಿಸಿ ನೋಡಬಲ್ಲದ್ದು ಡಿಗ್ರಿಯ ಅರವತ್ತನೇ ಒಂದು ಭಾಗ. ಆ ಲೆಕ್ಕದಲ್ಲಿ 75 ಇಂಚಿನ 4ಕೆ (ಅಡ್ಡಕ್ಕೆ 3,840 ಚುಕ್ಕೆಗಳಿರುವ) ಪರದೆಯ ಪಿಕ್ಸೆಲ್‌ಗಳು ಒಂದೂವರೆ ಮೀಟರಿನಾಚೆ ಒಂದರಲ್ಲೊಂದು ಬೆರೆತುಹೋಗುತ್ತವೆ, 98 ಇಂಚಿನವು ಎರಡು ಮೀಟರಿನಾಚೆ. ಆದ್ದರಿಂದ ಮನೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಇದರ ಎರಡು ಪಟ್ಟು ಚುಕ್ಕೆಗಳಿರುವ 8ಕೆ ಬೇಕಾಗುವ ಸಂದರ್ಭ ತೀರಾ ಕಡಿಮೆ. 98 ಇಂಚಿನ 8ಕೆಯ ಪೂರ್ಣ ಸೂಕ್ಷ್ಮತೆ ಕಾಣಬೇಕೆಂದರೆ ಒಂದು ಮೀಟರ್ ದೂರದಲ್ಲಿ ಕೂರಬೇಕು.

ತೊಂದರೆ ಕೊಡುವುದು ಪರದೆಯಲ್ಲ, ಅದಕ್ಕೆ ಉಣಿಸುವ ಚಿತ್ರ. ಕನ್ನಡದ ಮನರಂಜನಾ ವಾಹಿನಿಗಳಲ್ಲಿ ಕೆಲವು ಎಚ್‌ಡಿಯಲ್ಲಿ ಬರುತ್ತವೆ, ಅನೇಕ ವಾಹಿನಿಗಳು ಇನ್ನೂ ಎಸ್‌ಡಿಯಲ್ಲೇ ಇವೆ. ಎಸ್‌ಡಿ ಚಿತ್ರಕ್ಕೆ ಇರುವುದು 576 ಸಾಲು. ಅದನ್ನು 75 ಇಂಚಿಗೆ ಹಿಗ್ಗಿಸಿದರೆ ಒಂದೊಂದು ಸಾಲೂ 1.6 ಮಿ.ಮೀ. ದಪ್ಪ, ಐದೂವರೆ ಮೀಟರ್ ದೂರ ಸರಿದರೆ ಮಾತ್ರ ಚೊಕ್ಕವಾಗಿ ಕಾಣುತ್ತದೆ. ಇದಕ್ಕೆ ಎರಡು ದಾರಿ. ಸೆಟ್‌ಟಾಪ್ ಬಾಕ್ಸ್ ಎಚ್‌ಡಿಯದೇ ಆಗಿರಲಿ, ಎಚ್‌ಡಿಎಂಐ ತಂತಿಯಿಂದಲೇ ಜೋಡಿಸಿ. ಕೆಂಪು, ಬಿಳಿ, ಹಳದಿ ತಂತಿಯಲ್ಲಿ ಎಚ್‌ಡಿ ಬರುವುದೇ ಇಲ್ಲ. ಮತ್ತೆ ಟಿವಿಯ ಶಾರ್ಪ್‌ನೆಸ್ ಇಳಿಸಿ. ಅದನ್ನು ಏರಿಸಿದರೆ ಅಂಚುಗಳ ಸುತ್ತ ಬಿಳಿ ಗೆರೆ ಮೂಡಿ ಎಸ್‌ಡಿ ಇನ್ನಷ್ಟು ಕೆಡುತ್ತದೆ. ಇಂಟರ್ನೆಟ್ಟಿನ 4ಕೆ ಚಿತ್ರಕ್ಕೆ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ವೇಗ ಟಿವಿಯ ಬಳಿಯೇ ಸಿಗಬೇಕು. ರೂಟರ್ ಪಕ್ಕದಲ್ಲಿ ಸಿಕ್ಕರೆ ಸಾಲದು.

ದೊಡ್ಡ ಪರದೆ ಸಣ್ಣದರ ದೋಷಗಳನ್ನೂ ಹಿಗ್ಗಿಸುತ್ತದೆ. ಪರದೆಯ ಹಿಂದಿನ ಬೆಳಕು, ಬೇರೆಬೇರೆಯಾಗಿ ಏರಿಸಿ ಇಳಿಸಬಲ್ಲ 500 ವಲಯಗಳಾಗಿ ಒಡೆದಿರುವ 55 ಇಂಚಿನ ಮಿನಿ ಎಲ್‌ಇಡಿ ಟಿವಿಯಲ್ಲಿ ಒಂದು ವಲಯ ಸುಮಾರು 4 ಸೆಂ.ಮೀ. ಚೌಕ. 98 ಇಂಚಿನಲ್ಲೂ ವಲಯ 500ಯೇ ಇದ್ದರೆ ಅದು 7 ಸೆಂ.ಮೀ. ಮೀರುತ್ತದೆ. ಕಪ್ಪು ತೆರೆಯ ಮೇಲಿನ ಬಿಳಿ ಅಕ್ಷರಗಳ ಸುತ್ತ ಬೂದು ಮಂಜು ಕಾಣುವುದು ಆಗಲೇ. ದೊಡ್ಡದು ಕೊಳ್ಳುವಾಗ ಇಂಚಿನ ಜೊತೆಗೆ ವಲಯಗಳ ಸಂಖ್ಯೆ ಕೇಳಬೇಕು, ಅದೂ ನೀವು ಕೊಳ್ಳುವ ಗಾತ್ರದ್ದು. ಒಂದೇ ಮಾದರಿಯಲ್ಲಿ ಗಾತ್ರ ಬದಲಾದಂತೆ ವಲಯಗಳೂ ಬದಲಾಗುತ್ತವೆ.

ಓರೆ ನೋಟದ್ದು ಇನ್ನೊಂದು. 85 ಇಂಚಿನ ಪರದೆಯ ನಡುಮಧ್ಯಕ್ಕೆ 2.3 ಮೀಟರಿನಲ್ಲಿ ಕೂತವರಿಗೂ ಅಂಚು 22 ಡಿಗ್ರಿ ಓರೆಯಲ್ಲಿರುತ್ತದೆ. ಸೋಫಾದ ತುದಿಯಲ್ಲಿ ಕೂತವರಿಗೆ ಆಚೆ ಅಂಚು 38 ಡಿಗ್ರಿ ದಾಟುತ್ತದೆ. ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ವಿಎ ಮಾದರಿಯಲ್ಲಿ ಕಪ್ಪು ಗಾಢ, ಆದರೆ ಓರೆಯಿಂದ ಬಣ್ಣ ಪೇಲವ. ಐಪಿಎಸ್ ಮಾದರಿಯಲ್ಲಿ ಓರೆ ನೋಟ ಚೆನ್ನ, ಕಪ್ಪು ತುಸು ಬೂದು. ಮನೆಮಂದಿಯೆಲ್ಲ ಅಗಲಕ್ಕೆ ಹರಡಿ ಕೂರುವ ಹಾಲ್‌ಗೆ ಎರಡನೆಯದೋ ಒಎಲ್‌ಇಡಿಯೋ ಒಳ್ಳೆಯದು.

ಸಿನಿಮಾ ಚಿತ್ರ ಸೆಕೆಂಡಿಗೆ 24 ಚೌಕಟ್ಟು. ಒಂದು ಬಸ್ಸು ತೆರೆಯನ್ನು ನಾಲ್ಕು ಸೆಕೆಂಡಿನಲ್ಲಿ ದಾಟಿದರೆ 43 ಇಂಚಿನಲ್ಲಿ ಪ್ರತಿ ಚೌಕಟ್ಟಿಗೆ ಒಂದು ಸೆಂ.ಮೀ. ಜಿಗಿಯುತ್ತದೆ, 98 ಇಂಚಿನಲ್ಲಿ ಎರಡಕ್ಕೂ ಹೆಚ್ಚು. ಹೊಸ ದೊಡ್ಡ ಟಿವಿಯಲ್ಲಿ ಚಿತ್ರ ತಡವರಿಸುತ್ತದೆ ಎಂಬ ದೂರು ಎಷ್ಟೋ ಸಲ ಇದೇ, ಟಿವಿ ಕೆಟ್ಟದ್ದಲ್ಲ. ಚೌಕಟ್ಟುಗಳ ನಡುವೆ ಹೊಸ ಚೌಕಟ್ಟು ಸೇರಿಸುವ ಮೋಷನ್ ಸೆಟ್ಟಿಂಗನ್ನು ಹತ್ತರಲ್ಲಿ ಎರಡು ಮೂರಕ್ಕೆ ಇಟ್ಟರೆ ಸಾಕು. ಪೂರ್ತಿ ಏರಿಸಿದರೆ ಸಿನಿಮಾ ಧಾರಾವಾಹಿಯ ಹಾಗೆ ಕಾಣತೊಡಗುತ್ತದೆ.

ಮೆಟ್ಟಿಲು, ಲಿಫ್ಟ್, ಗೋಡೆ

ಇದನ್ನು ಹಣ ಕಟ್ಟಿದ ಮೇಲೆ ಯೋಚಿಸುವವರೇ ಹೆಚ್ಚು. ಪೆಟ್ಟಿಗೆ ಪರದೆಗಿಂತ ಅಗಲಕ್ಕೆ 15–20 ಸೆಂ.ಮೀ. ದೊಡ್ಡದಿರುತ್ತದೆ. ಎಂಟು ಜನರ ಲಿಫ್ಟಿನ ಒಳ ಅಳತೆ ಸಾಮಾನ್ಯವಾಗಿ 130 × 110 ಸೆಂ.ಮೀ., ಬಾಗಿಲು 80 ಅಗಲ, 200 ಎತ್ತರ. 55 ಇಂಚಿನ ಪೆಟ್ಟಿಗೆ ಅದರೊಳಗೆ ಓರೆಯಾಗಿ ನಿಲ್ಲುತ್ತದೆ. 65 ಮತ್ತು 75ರದು ನಿಲ್ಲಬೇಕೆಂದರೆ ಕಿರುಬದಿಯ ಮೇಲೆ ಎತ್ತಿ ನಿಲ್ಲಿಸಬೇಕು, ಒಳಗಿನ ಫೋಮ್ ಆ ಬದಿಯ ಭಾರಕ್ಕೆಂದು ಮಾಡಿದ್ದಲ್ಲ. 85ರಿಂದ ಮೇಲಿನದಕ್ಕೆ ಮೆಟ್ಟಿಲೇ ಗತಿ. 98 ಇಂಚಿನ ಟಿವಿ ಒಂದೇ 55ರಿಂದ 65 ಕೆಜಿ, ಪೆಟ್ಟಿಗೆ ಸೇರಿದರೆ ಇನ್ನೂ ಹೆಚ್ಚು. ನಾಲ್ಕು ಆಳು ಬೇಕು. ಮೆಟ್ಟಿಲು ತಿರುಗುವಲ್ಲಿ ಗೋಡೆಯಿಂದ ಹಿಡಿದುಕೊಳ್ಳುವ ಕಂಬಿಗೆ ಎಷ್ಟಿದೆ, ಮೇಲೆ ತೊಲೆ ಎಷ್ಟು ಎತ್ತರದಲ್ಲಿದೆ ಎಂದು ಮೊದಲೇ ಟೇಪು ಹಿಡಿದು ನೋಡಿ. ಪ್ಲೈವುಡ್ ಹಲಗೆಯನ್ನು ಅದೇ ಅಳತೆಗೆ ಕತ್ತರಿಸಿ ತಿರುಗಿಸಿ ನೋಡಿದರೆ ಇನ್ನೂ ನಿಶ್ಚಿತ.

ಎಂಥ ಸಂದರ್ಭದಲ್ಲೂ ದೊಡ್ಡ ಪರದೆಯನ್ನು ಮಲಗಿಸಬೇಡಿ. ಗಾಜಿಗೆ ಆಧಾರ ಇರುವುದು ಅಂಚಿನಲ್ಲಷ್ಟೇ. ಮಲಗಿಸಿದರೆ ನಡುಭಾಗ ಜಗ್ಗುತ್ತದೆ, ಗೂಡ್ಸ್ ಗಾಡಿ ಒಂದು ಹಂಪ್ ಹಾರಿದರೆ ಸಾಕು, ಬಿರುಕು. ಪ್ಯಾನೆಲ್ ಬದಲಿಸುವ ಖರ್ಚು ಹೊಸ ಟಿವಿಯ ಬೆಲೆಯ ಸಮೀಪಕ್ಕೇ ಬರುತ್ತದೆ.

ಗೋಡೆಗೆ ನೇತುಹಾಕುವಾಗ ಗೋಡೆ ಯಾವುದರದ್ದು ಎಂಬುದು ಮುಖ್ಯ. ಸುಟ್ಟ ಇಟ್ಟಿಗೆ, ಘನ ಸಿಮೆಂಟ್ ಬ್ಲಾಕ್, ಕಾಂಕ್ರೀಟ್ ಆದರೆ ಲೋಹದ ಆಂಕರ್ ಬೋಲ್ಟ್ ಹಿಡಿಯುತ್ತದೆ. ಹಾಲೋ ಬ್ಲಾಕ್ ಮತ್ತು ಹಗುರವಾದ ಎಎಸಿ ಬ್ಲಾಕಿನಲ್ಲಿ ಅದೇ ಬೋಲ್ಟ್ ಹಿಗ್ಗಿದಾಗ ಸುತ್ತಲಿನ ಬ್ಲಾಕ್ ಪುಡಿಯಾಗುತ್ತದೆ. ಮೊದಲ ದಿನ ಗಟ್ಟಿಯಾಗಿಯೇ ಕಾಣುತ್ತದೆ, ತಿಂಗಳುಗಳಲ್ಲಿ ಸಡಿಲವಾಗುತ್ತದೆ. ಅಲ್ಲಿ ಜಾಲರಿ ತೋಳಿನೊಂದಿಗೆ ರಾಸಾಯನಿಕ ಆಂಕರ್ ಹಾಕಬೇಕು, ಇಲ್ಲವೇ ಗೋಡೆಯ ಆಚೆ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ದಾಟಿಸಬೇಕು. ಕರಾವಳಿಯ ಮುರಕಲ್ಲಿನ ಗೋಡೆಯಲ್ಲೂ ಕಲ್ಲು ಮೆದುವಾಗಿದ್ದರೆ ಹೀಗೆಯೇ. ತೂತು ಕೊರೆಯುವಾಗ ಬರುವ ಪುಡಿ ಗೋಡೆಯ ಗುಟ್ಟು ಹೇಳುತ್ತದೆ: ಕೆಂಪಾದರೆ ಇಟ್ಟಿಗೆ, ಹಿಟ್ಟಿನಂಥ ಬಿಳಿಯಾದರೆ ಎಎಸಿ, ಡ್ರಿಲ್ ಥಟ್ಟನೆ ಒಳಗೆ ನುಗ್ಗಿದರೆ ಹಾಲೋ.

ಎತ್ತರದ ವಿಷಯದಲ್ಲಿ ಒಂದೇ ಮಾತು. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 105 ಸೆಂ.ಮೀ. ಎತ್ತರದಲ್ಲಿರುತ್ತದೆ, ಪರದೆಯ ನಡುಭಾಗ ಅಲ್ಲಿರಬೇಕು. 98 ಇಂಚಿನದಾದರೆ ಕೆಳ ಅಂಚು ನೆಲದಿಂದ 45 ಸೆಂ.ಮೀ.ನಲ್ಲೇ ಬರುತ್ತದೆ, ಈಗಿರುವ ಟಿವಿ ಯುನಿಟ್ಟಿನ ಮೇಲೆ ಅದು ಹೊಂದದೆ ಹೋಗಬಹುದು. ನೆಲದ ಮೇಲೆ ಕೂತು ನೋಡುವ ಮನೆಯಲ್ಲಿ ಇನ್ನೂ 25–30 ಸೆಂ.ಮೀ. ಇಳಿಸಬೇಕು.

ನೂರು ಇಂಚಿನಾಚೆ

ಮೆಟ್ಟಿಲು ಹತ್ತದ ಪರದೆ ಮನೆಗೆ ಬರಬೇಕಾದರೆ ತುಂಡಾಗಿ ಬರಬೇಕು, ಸುತ್ತಿಕೊಂಡು ಬರಬೇಕು, ಇಲ್ಲವೇ ಬೆಳಕಾಗಿ ಬರಬೇಕು.

ಸುತ್ತುವ ಟಿವಿಯನ್ನು ಎಲ್‌ಜಿ 2020ರಲ್ಲಿ ಕೊರಿಯಾದಲ್ಲಿ ಮಾರಿತು. 65 ಇಂಚಿಗೆ ಹತ್ತು ಕೋಟಿ ವೋನ್ ಬೆಲೆ, ಅದು ಮುಂದುವರಿಯಲಿಲ್ಲ.

ತುಂಡಾಗಿ ಬರುವುದು ಮೈಕ್ರೋ ಎಲ್‌ಇಡಿ. ಸ್ಯಾಮ್‌ಸಂಗ್ 2018ರಲ್ಲಿ ತೋರಿಸಿದ 146 ಇಂಚಿನ ಗೋಡೆ ಇಂಥದ್ದು. ಫಲಕಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ಗಾತ್ರಕ್ಕೆ ಮಿತಿಯೇ ಇಲ್ಲ. ಮಿತಿ ಇರುವುದು ತಯಾರಿಕೆಯಲ್ಲಿ. 4ಕೆ ಪರದೆಗೆ 82,94,400 ಪಿಕ್ಸೆಲ್, ಒಂದೊಂದಕ್ಕೆ ಕೆಂಪು, ಹಸಿರು, ನೀಲಿ ಮೂರು ದೀಪ. ಒಟ್ಟು 2,48,83,200 ದೀಪಗಳನ್ನು ಜಾಗ ತಪ್ಪದೆ ಕೂರಿಸಬೇಕು. ಹತ್ತು ಸಾವಿರಕ್ಕೆ ಒಂದು ತಪ್ಪಿದರೂ 2,488 ಸತ್ತ ದೀಪ, ಹತ್ತು ಲಕ್ಷಕ್ಕೆ ಒಂದು ತಪ್ಪಿದರೂ ಇನ್ನೂ 25 ಉಳಿಯುತ್ತವೆ, ಅವನ್ನು ಒಂದೊಂದಾಗಿ ಹುಡುಕಿ ಬದಲಿಸಬೇಕು. ಫಲಕಗಳ ಸೇರುವೆ ಕಾಣದಂತೆ ಬಣ್ಣ ಹೊಂದಿಸುವ ಕೆಲಸ ಬೇರೆ. ಬೆಲೆ ಇಳಿಯದಿರುವುದು ಇದರಿಂದಲೇ. ಆದರೆ ಗಾಜಿನ ಪರದೆಯಲ್ಲಿಲ್ಲದ ಒಂದು ಒಳ್ಳೆಯ ಗುಣ ಇದಕ್ಕಿದೆ: ಒಂದು ಫಲಕ ಕೆಟ್ಟರೆ ಅದೊಂದನ್ನೇ ತೆಗೆದು ಬದಲಿಸಬಹುದು.

ಬೆಳಕಾಗಿ ಬರುವುದು ಗೋಡೆಗೆ 20–30 ಸೆಂ.ಮೀ. ಹತ್ತಿರ ಇಡುವ ಲೇಸರ್ ಪ್ರೊಜೆಕ್ಟರ್. ಯಂತ್ರ ಸಣ್ಣದು, ಯಾವ ಲಿಫ್ಟಿನಲ್ಲೂ ಹೋಗುತ್ತದೆ. 100 ಇಂಚು ದಾಟುವ ಆಸೆ ಇರುವ ಸಾಮಾನ್ಯ ಮನೆಗೆ ಈಗ ನಾವು ಹೇಳುವುದು ಇದನ್ನೇ, ಆದರೆ ಕೋಣೆ ಕತ್ತಲಾಗಬೇಕು. 2,500 ಲ್ಯೂಮೆನ್ ಬೆಳಕು ಸಾದಾ ಬಿಳಿ ತೆರೆಯ ಮೇಲೆ 100 ಇಂಚಿಗೆ ಹರಡಿದರೆ ಹೊಳಪು ಸುಮಾರು 290 ನಿಟ್ಸ್, 120 ಇಂಚಿಗೆ ಹರಡಿದರೆ 200. ಪೂರ್ವಕ್ಕೆ ದೊಡ್ಡ ಕಿಟಕಿಯಿರುವ ಹಾಲ್‌ನಲ್ಲಿ ಬೆಳಗಿನ ಹೊತ್ತು ಇದು ಏನೇನೂ ಸಾಲದು. ಮೇಲಿನ ಬೆಳಕನ್ನು ತಡೆಯುವ ವಿಶೇಷ ತೆರೆ ಬೇಕು, ಅದೂ ಈ ಬಗೆಯ ಪ್ರೊಜೆಕ್ಟರಿಗೆಂದೇ ಮಾಡಿದ್ದು; ದೂರದಿಂದ ಬೀರುವ ಪ್ರೊಜೆಕ್ಟರಿನ ತೆರೆ ಹಾಕಿದರೆ ಕೆಳಗಿನಿಂದ ಬರುವ ಬೆಳಕನ್ನೂ ಅದು ನುಂಗಿಬಿಡುತ್ತದೆ. ತೆರೆ ಚೌಕಟ್ಟಿಗೆ ಬಿಗಿದದ್ದೇ ಆಗಿರಲಿ. ನೇತಾಡುವ ತೆರೆ ಸೀಲಿಂಗ್ ಫ್ಯಾನಿನ ಗಾಳಿಗೆ ಕೂದಲೆಳೆಯಷ್ಟು ಅಲುಗಿದರೂ, ಬೆಳಕು ತೀರಾ ಓರೆಯಲ್ಲಿ ಬೀಳುವುದರಿಂದ ಚಿತ್ರದ ನೇರ ಗೆರೆಗಳೆಲ್ಲ ಅಲೆಯಾಗುತ್ತವೆ. ಬರಿ ಗೋಡೆಯ ಮೇಲೆ ಬಿಟ್ಟರೂ ಅಷ್ಟೇ, ಪ್ಲಾಸ್ಟರಿನ ಪ್ರತಿ ಉಬ್ಬೂ ನೆರಳು ಬೀರುತ್ತದೆ.